ನಾಣ್ಯದ ಪೆಟ್ಟಿಗೆ, ಅಕ್ಕಿಯ ಮೂಟೆ: ಸರಾಸರಿಯನ್ನು ಒರೆಗೆ ಹಚ್ಚಿದ ಚರಿತ್ರೆ

ಅಚೌರ್ಯಾಣುವ್ರತಕ್ಕೆ ಶಾಸ್ತ್ರಕಾರರು ಐದು ಅತಿಚಾರಗಳನ್ನು ಹೇಳಿದ್ದಾರೆ. ಕಳವಿಗೆ ಪ್ರೇರಣೆ ಕೊಡುವುದು, ಕಳವಿನ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರಿ ವ್ಯವಹರಿಸುವುದು, ಹೀನಾಧಿಕ ಮಾನೋನ್ಮಾನ, ಪ್ರತಿರೂಪಕ ವ್ಯವಹಾರ. ಇವುಗಳಲ್ಲಿ ನಾಲ್ಕನೆಯದು, ಅಂದರೆ ಕೊಳ್ಳುವಾಗ ಹೆಚ್ಚಿನ ಅಳತೆಯನ್ನೂ ಕೊಡುವಾಗ ಕಡಿಮೆ ಅಳತೆಯನ್ನೂ ಬಳಸುವುದು, ವರ್ತಕನ ಗಾದಿಗೆ ತೀರ ಹತ್ತಿರದ ದೋಷ. ಎರಡು ಬಗೆಯ ತೂಕದ ಕಲ್ಲುಗಳನ್ನು ಇಟ್ಟುಕೊಂಡವನು ತಪ್ಪಿತಸ್ಥನೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ಒಂದೇ ಕಲ್ಲು, ಒಂದೇ ತಕ್ಕಡಿ, ಒಂದೇ ಕೈ ಇದ್ದರೂ ಹತ್ತು ಸಲ ತೂಗಿದ ಸಕ್ಕರೆ ಹತ್ತು ಸಲವೂ ಕೂದಲೆಳೆಯಷ್ಟು ಬೇರೆಬೇರೆಯಾಗಿಯೇ ಬರುತ್ತದೆ. ಹಾಗಾದರೆ ಆಕಸ್ಮಿಕ ಎಲ್ಲಿ ಮುಗಿಯಿತು, ಅದತ್ತಾದಾನ ಎಲ್ಲಿ ಮೊದಲಾಯಿತು? ಈ ಪ್ರಶ್ನೆಗೆ ಗಣಿತದ ಉತ್ತರ ದೊರೆಯಲು ಮನುಷ್ಯಕುಲ ಬಹಳ ಕಾಲ ಕಾಯಬೇಕಾಯಿತು.

ಸರಾಸರಿಯ ಲೆಕ್ಕವೇನೋ ಭಾರತೀಯರಿಗೆ ಹಳೆಯದೇ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯರು ರಚಿಸಿದ ಗಣಿತಸಾರಸಂಗ್ರಹದಲ್ಲಿ ಸುವರ್ಣಕುಟ್ಟೀಕಾರವೆಂಬ ಭಾಗವೇ ಇದೆ. ಬೇರೆಬೇರೆ ಬಣ್ಣದ ಚಿನ್ನಗಳನ್ನು ಕರಗಿಸಿ ಒಂದುಗೂಡಿಸಿದಾಗ ಬರುವ ಬಣ್ಣವನ್ನು, ಪ್ರತಿಯೊಂದರ ತೂಕವನ್ನೂ ಬಣ್ಣವನ್ನೂ ಗುಣಿಸಿ, ಕೂಡಿಸಿ, ಒಟ್ಟು ತೂಕದಿಂದ ಭಾಗಿಸಿ ಪಡೆಯುವ ಕ್ರಮ ಅಲ್ಲಿದೆ. ಉತ್ತರದಲ್ಲಿ ದೆಹಲಿ ಸುಲ್ತಾನರ ಟಂಕಸಾಲೆಯಲ್ಲಿ ಅಧಿಕಾರಿಯಾಗಿದ್ದ ಜೈನ ಶ್ರಾವಕ ಠಕ್ಕುರ ಫೇರು 1318ರಲ್ಲಿ ದ್ರವ್ಯಪರೀಕ್ಷೆಯೆಂಬ ಗ್ರಂಥವನ್ನೇ ಬರೆದನು. ಅಂದು ಚಲಾವಣೆಯಲ್ಲಿದ್ದ ನಾನಾ ರಾಜ್ಯಗಳ ನಾಣ್ಯಗಳಲ್ಲಿ ಚಿನ್ನವೆಷ್ಟು, ಬೆಳ್ಳಿಯೆಷ್ಟು, ತಾಮ್ರವೆಷ್ಟು, ಅವುಗಳ ಬೆಲೆಯೇನು ಎಂಬುದನ್ನು ಅನುಭವದಿಂದ ಬಲ್ಲವನೊಬ್ಬನು ಬರೆದಿಟ್ಟ ಇಂಥ ಪುಸ್ತಕ ಆ ಕಾಲದ ಲೋಕದಲ್ಲೇ ವಿರಳ. ಆದರೆ ಈ ಇಬ್ಬರೂ ಕೈಯಲ್ಲಿರುವ ಲೋಹದ ಲೆಕ್ಕವನ್ನು ಹೇಳಿದರು. ಕೈಗೆ ಬಾರದ ಲಕ್ಷ ನಾಣ್ಯಗಳ ಸರಾಸರಿ ತೂಕ ಸರಿಯಾಗಿದೆಯೇ ಎಂಬುದನ್ನು ಕೈಗೆ ಬಂದ ನೂರರಿಂದ ತೀರ್ಮಾನಿಸುವುದು ಬೇರೆಯೇ ಸಂಗತಿ. ಅದರ ಅತಿ ದೀರ್ಘವಾದ ದಾಖಲೆ ಇರುವುದು ಇಂಗ್ಲೆಂಡಿನಲ್ಲಿ.

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಪಿಕ್ಸ್ ಕೋಣೆ ಎಂಬ ಹೆಸರಿನ ಹಳೆಯ ಕಮಾನು ಕೋಣೆಯೊಂದಿದೆ. ಪಿಕ್ಸ್ ಎಂದರೆ ಪೆಟ್ಟಿಗೆ. ರಾಜನ ಟಂಕಸಾಲೆಯಲ್ಲಿ ಅಚ್ಚಾದ ಚಿನ್ನ ಬೆಳ್ಳಿಯ ನಾಣ್ಯಗಳಲ್ಲಿ ಕೆಲವನ್ನು ಆಯ್ದು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಕೆಲಕಾಲದ ಮೇಲೆ ಪೆಟ್ಟಿಗೆಯನ್ನು ತೆರೆದು, ಪ್ರಮಾಣವಚನ ಸ್ವೀಕರಿಸಿದ ಪಂಚರ ಎದುರಿಗೆ ನಾಣ್ಯಗಳನ್ನು ಎಣಿಸಿ, ತೂಗಿ, ಕರಗಿಸಿ ಪರೀಕ್ಷಿಸುತ್ತಿದ್ದರು. 1282ರಷ್ಟು ಹಿಂದಿನಿಂದಲೂ ಇದರ ದಾಖಲೆ ಸಿಗುತ್ತದೆ. ಇಂದಿಗೂ ಲಂಡನ್ನಿನ ಅಕ್ಕಸಾಲಿಗರ ಸಂಘದ ಸಭಾಭವನದಲ್ಲಿ ವರ್ಷಕ್ಕೊಮ್ಮೆ ಈ ವಿಚಾರಣೆ ನಡೆಯುತ್ತದೆ.

ಟಂಕಸಾಲಾಧಿಪತಿ ರಾಜನೊಡನೆ ಕರಾರು ಮಾಡಿಕೊಂಡವನು. ಒಂದು ಪೌಂಡು ಚಿನ್ನದಿಂದ ಇಷ್ಟು ನಾಣ್ಯ ಬರಬೇಕು, ಪ್ರತಿ ನಾಣ್ಯದ ತೂಕ ಇಷ್ಟಿರಬೇಕು ಎಂಬುದು ಕರಾರಿನ ಮಾತು. ಆಧುನಿಕ ಪರಿಭಾಷೆಯಲ್ಲಿ ಹೇಳುವುದಾದರೆ, ಅಚ್ಚಾದ ಸಮಸ್ತ ನಾಣ್ಯಗಳ ಸರಾಸರಿ ತೂಕ ಇಂತಿಷ್ಟು ಎಂಬುದೇ ಅವನ ವಾದ. ಪೆಟ್ಟಿಗೆಯ ನಾಣ್ಯಗಳು ಆ ವಾದಕ್ಕೆ ಸಾಕ್ಷಿಗಳು. ಸುತ್ತಿಗೆಯಿಂದ ಬಡಿದು ಮಾಡುವ ನಾಣ್ಯ ಕೂದಲೆಳೆಯಷ್ಟೂ ತಪ್ಪದೆ ಬರಲು ಸಾಧ್ಯವಿಲ್ಲವಾದ್ದರಿಂದ, ಹಿಂದಿನವರು ವಿವೇಕದಿಂದಲೇ ಸ್ವಲ್ಪ ರಿಯಾಯಿತಿಯನ್ನು ಕರಾರಿನಲ್ಲಿ ಸೇರಿಸಿದ್ದರು. ಅದರ ಮಿತಿಯೊಳಗೆ ಹೆಚ್ಚುಕಡಿಮೆ ಇದ್ದರೆ ಅಧಿಪತಿ ನಿರ್ದೋಷಿ. ಮಿತಿ ಮೀರಿದರೆ ದಂಡ ತೆರಬೇಕು.

ಇಷ್ಟು ನ್ಯಾಯವಾದ ಏರ್ಪಾಡಿನಲ್ಲಿ ಒಂದು ತೂತು ಉಳಿದಿತ್ತು. ರಿಯಾಯಿತಿಯನ್ನು ಪೌಂಡಿಗೆ ಇಷ್ಟು ಎಂದು ನಿಗದಿ ಮಾಡಿದ್ದರು. ಒಂದು ಪೌಂಡಿಗೆ ಒಂದು ಪಾಲಾದರೆ ನೂರು ಪೌಂಡಿಗೆ ನೂರು ಪಾಲು. ತ್ರೈರಾಶಿಕ ಕಲಿತವನಿಗೆ ಇದಕ್ಕಿಂತ ಸಹಜವಾದದ್ದು ಬೇರೊಂದಿಲ್ಲ. ಆದರೆ ಆಕಸ್ಮಿಕವು ತ್ರೈರಾಶಿಕವನ್ನು ಅನುಸರಿಸುವುದಿಲ್ಲ. ಒಂದು ನಾಣ್ಯ ತುಸು ಭಾರವಾದರೆ ಇನ್ನೊಂದು ತುಸು ಹಗುರವಾಗುತ್ತದೆ, ಒಂದರ ಹೆಚ್ಚಳ ಇನ್ನೊಂದರ ಕೊರತೆಯನ್ನು ತಿನ್ನುತ್ತ ಹೋಗುತ್ತದೆ. ನೂರು ನಾಣ್ಯಗಳ ಒಟ್ಟು ತೂಕದಲ್ಲಿ ಆಕಸ್ಮಿಕದಿಂದ ಬರುವ ಏರುಪೇರು ಒಂದು ನಾಣ್ಯದ ಏರುಪೇರಿನ ನೂರರಷ್ಟಲ್ಲ, ನೂರರ ವರ್ಗಮೂಲದಷ್ಟು, ಅಂದರೆ ಹತ್ತರಷ್ಟು ಮಾತ್ರ.

ಉದಾಹರಣೆಗೆ ಒಂದು ನಾಣ್ಯದ ತೂಕದಲ್ಲಿ ಸಾಮಾನ್ಯವಾಗಿ ಕಾಣುವ ಏರುಪೇರು 1 ಗ್ರೇನ್ ಎಂದೂ, ಕೊಟ್ಟ ರಿಯಾಯಿತಿ ನಾಣ್ಯವೊಂದಕ್ಕೆ 2 ಗ್ರೇನ್ ಎಂದೂ ಇಟ್ಟುಕೊಳ್ಳೋಣ. ನೂರು ನಾಣ್ಯಗಳಿಗೆ ರಿಯಾಯಿತಿ 200 ಗ್ರೇನ್ ಆಯಿತು. ಆದರೆ ಆಕಸ್ಮಿಕದ ಏರುಪೇರು 10 ಗ್ರೇನ್ ಮಾತ್ರ. ಈಗ ಟಂಕಸಾಲಾಧಿಪತಿ ಪ್ರತಿ ನಾಣ್ಯವನ್ನೂ ಬೇಕೆಂದೇ ಒಂದೂವರೆ ಗ್ರೇನ್ ಕಡಿಮೆ ತೂಕಕ್ಕೆ ಗುರಿಯಿಟ್ಟು ಮಾಡಿಸಿದನೆನ್ನಿ. ನೂರು ನಾಣ್ಯಗಳಲ್ಲಿ 150 ಗ್ರೇನಿನ ಸುತ್ತಮುತ್ತ ಕೊರತೆ ಬರುತ್ತದೆ. 200ರ ಗೆರೆ ದಾಟಲು ಇನ್ನೂ 50 ಗ್ರೇನ್, ಅಂದರೆ ಸಾಮಾನ್ಯ ಏರುಪೇರಿನ ಐದರಷ್ಟು ಕೆಟ್ಟ ಅದೃಷ್ಟ ಬೇಕು. ಅದು ಲಕ್ಷಾಂತರ ವಿಚಾರಣೆಗಳಲ್ಲಿ ಒಮ್ಮೆಯೂ ಬರುವುದು ಕಷ್ಟ. ಪೆಟ್ಟಿಗೆ, ಬೀಗ, ಪಂಚರು, ಪ್ರಮಾಣವಚನ ಎಲ್ಲವೂ ಇದ್ದು ಅಧಿಪತಿ ಪ್ರತಿ ಸಲವೂ ನಿರ್ದೋಷಿಯೆನಿಸಿಕೊಂಡು ಹೊರಗೆ ಬರುತ್ತಿದ್ದನು. ಕೈ ತಪ್ಪುವುದಕ್ಕಾಗಿ ಕೊಟ್ಟ ವಿನಾಯಿತಿ ಲಾಭದ ಬಾಬತ್ತಾಗಬಹುದಿತ್ತು. ಯಾರು ಎಷ್ಟು ಲಾಭ ಮಾಡಿಕೊಂಡರೆಂದು ಆರೋಪಿಸುವುದು ಇಲ್ಲಿಯ ಉದ್ದೇಶವಲ್ಲ. ಶತಮಾನಗಳವರೆಗೆ ನಿಯಮವೇ ಅದಕ್ಕೆ ಬಾಗಿಲು ತೆರೆದಿಟ್ಟಿತ್ತು ಎಂಬುದು ಗಮನಿಸಬೇಕಾದ ಸಂಗತಿ.

1696ರಲ್ಲಿ ಟಂಕಸಾಲೆಯ ವಾರ್ಡನ್ ಆಗಿ ಬಂದು 1699ರಿಂದ 1727ರಲ್ಲಿ ತೀರಿಕೊಳ್ಳುವವರೆಗೆ ಅದರ ಅಧಿಪತಿಯಾಗಿದ್ದವರು ಐಸಾಕ್ ನ್ಯೂಟನ್. ಗ್ರಹಗಳ ಗತಿಯನ್ನು ಅಳೆದ ಆ ಮಹಾಶಯರು ನಾಣ್ಯದ ತೂಕವನ್ನೂ ಅಷ್ಟೇ ಶ್ರದ್ಧೆಯಿಂದ ನೋಡಿದರು. ಸರಾಸರಿ ಸರಿಯಿದ್ದ ಮಾತ್ರಕ್ಕೆ ಸಾಲದೆಂಬುದು ಅವರಿಗೆ ತಿಳಿದಿತ್ತು. ಗಿನಿ ನಾಣ್ಯಗಳಲ್ಲಿ ಕೆಲವು ಭಾರ, ಕೆಲವು ಹಗುರ ಇದ್ದರೆ ಚತುರರಾದ ಅಕ್ಕಸಾಲಿಗರು ಭಾರದ್ದನ್ನು ಆರಿಸಿ ಕರಗಿಸಿ, ಆ ಚಿನ್ನವನ್ನೇ ಮತ್ತೆ ಟಂಕಸಾಲೆಗೆ ತಂದು ಹೊಸ ನಾಣ್ಯ ಪಡೆಯುತ್ತಿದ್ದರು. ಹಗುರವಾದವು ಜನರ ಕೈಯಲ್ಲಿ ಉಳಿಯುತ್ತಿದ್ದವು. ಆದ್ದರಿಂದ ನ್ಯೂಟನ್ ನಾಣ್ಯಗಳ ನಡುವಿನ ವ್ಯತ್ಯಾಸವನ್ನೇ ಕುಗ್ಗಿಸಲು ಶ್ರಮಿಸಿದರು. 1710ರ ವಿಚಾರಣೆಯಲ್ಲಿ ಅವರ ಚಿನ್ನ ಮಟ್ಟಕ್ಕಿಂತ ಕಡಿಮೆಯೆಂದು ಪಂಚರು ವರದಿ ಮಾಡಿದಾಗ ಅವರು ಸುಮ್ಮನಿರಲಿಲ್ಲ. ಹೋಲಿಕೆಗೆ ಬಳಸಿದ 1707ರ ಪ್ರಮಾಣಫಲಕದ ಚಿನ್ನವೇ ಇರಬೇಕಾದ್ದಕ್ಕಿಂತ ಹೆಚ್ಚು ಶುದ್ಧವಾಗಿದೆ, ತಪ್ಪು ನಾಣ್ಯದ್ದಲ್ಲ, ಒರೆಗಲ್ಲಿನದು ಎಂದು ವಾದಿಸಿದರು. ಪರೀಕ್ಷೆಗೆ ಒಳಗಾದವನನ್ನು ಸಂಶಯಿಸುವ ಮೊದಲು ಮಾನದಂಡವನ್ನೇ ಪರೀಕ್ಷಿಸಬೇಕೆಂಬ ಈ ಮಾತು, ವಾದಿಸಿದವರು ಸ್ವತಃ ಆರೋಪಿಯೇ ಆಗಿದ್ದರೂ, ತೂಕವುಳ್ಳದ್ದು.

ವಿಚಿತ್ರವೆಂದರೆ ಆ ತೂತನ್ನು ಮುಚ್ಚುವ ಗಣಿತ ನ್ಯೂಟನ್ನರ ಸ್ನೇಹಿತರಲ್ಲಿಯೇ ಹುಟ್ಟುತ್ತಿತ್ತು. ಮತದ ಕಾರಣಕ್ಕೆ ಫ್ರಾನ್ಸ್ ತೊರೆದು ಲಂಡನ್ನಿನಲ್ಲಿ ಪಾಠ ಹೇಳಿ ಜೀವಿಸುತ್ತಿದ್ದ ಅಬ್ರಹಾಂ ಡಿ ಮಾಯಿವ್‌ರ್ 1733ರಲ್ಲಿ ಒಂದು ಸಣ್ಣ ಲ್ಯಾಟಿನ್ ಹೊತ್ತಗೆಯಲ್ಲಿ ವರ್ಗಮೂಲದ ಈ ನಿಯಮವನ್ನು ಸ್ಥಾಪಿಸಿದರು. ನ್ಯೂಟನ್ ತೀರಿಕೊಂಡು ಆಗ ಆರು ವರ್ಷ ಕಳೆದಿತ್ತು. ಜೂಜಿನ ಲೆಕ್ಕದಿಂದ ಹೊರಟ ಶಾಸ್ತ್ರ ಪ್ರಾಮಾಣಿಕ ತೂಕಕ್ಕೆ ಉಪಕಾರಿಯಾದದ್ದು ಚರಿತ್ರೆಯ ವಿನೋದ. ಸಪ್ತವ್ಯಸನಗಳಲ್ಲಿ ದ್ಯೂತವನ್ನು ಮೊದಲಿಗೆ ಎಣಿಸುವವರೂ ಈ ಒಂದು ಉಪಕಾರವನ್ನು ಒಪ್ಪಬೇಕಾಗುತ್ತದೆ.

ಇನ್ನೂ ಒಂದು ತೊಡಕು ಉಳಿದಿತ್ತು. ವರ್ಗಮೂಲದ ನಿಯಮವನ್ನು ಬಳಸಲು ಒಂದೊಂದು ನಾಣ್ಯದ ಏರುಪೇರು ಎಷ್ಟೆಂಬುದು ಮೊದಲೇ ತಿಳಿದಿರಬೇಕು. ಸಾವಿರಾರು ವಸ್ತುಗಳನ್ನು ಅಳೆದವನಿಗೆ ಅದು ತಿಳಿದೀತು. ನಾಲ್ಕೋ ಎಂಟೋ ಮಾತ್ರ ಕೈಯಲ್ಲಿರುವವನು ಏನು ಮಾಡಬೇಕು? ಆ ನಾಲ್ಕೆಂಟರಿಂದಲೇ ಏರುಪೇರನ್ನೂ ಅಂದಾಜು ಮಾಡಬೇಕಾಗುತ್ತದೆ, ಆ ಅಂದಾಜೇ ಕೆಲವೊಮ್ಮೆ ಮೋಸ ಮಾಡುತ್ತದೆ.

ಈ ತೊಡಕನ್ನು ಬಿಡಿಸಿದವರು ಡಬ್ಲಿನ್ ನಗರದ ಗಿನ್ನೆಸ್ ಬಿಯರ್ ಕಾರ್ಖಾನೆಯ ನೌಕರರು. ಮದ್ಯತ್ಯಾಗವನ್ನು ಮೂಲಗುಣವಾಗಿ ಪಾಲಿಸುವ ಮನೆಗಳಲ್ಲಿ ಈ ಹೆಸರು ಮುಜುಗರ ತಂದೀತು, ಆದರೂ ಚರಿತ್ರೆ ಹಾಗಿದೆ. 1876ರಲ್ಲಿ ಕ್ಯಾಂಟರ್‌ಬರಿಯಲ್ಲಿ ಹುಟ್ಟಿದ ವಿಲಿಯಂ ಸೀಲಿ ಗಾಸೆಟ್ ಆಕ್ಸ್‌ಫರ್ಡಿನಲ್ಲಿ ಗಣಿತವನ್ನೂ ರಸಾಯನಶಾಸ್ತ್ರವನ್ನೂ ಓದಿ 1899ರಲ್ಲಿ ಆ ಕಾರ್ಖಾನೆಗೆ ಸೇರಿದರು. ಬಾರ್ಲಿಯ ತಳಿ, ಗೊಬ್ಬರ, ಮೊಳಕೆ ಕಾಳಿನ ಗುಣ ಇವುಗಳ ಪ್ರಯೋಗಗಳಲ್ಲಿ ಅವರಿಗೆ ದೊರೆಯುತ್ತಿದ್ದ ಅಳತೆಗಳು ಬೆರಳೆಣಿಕೆಯಷ್ಟು. 1906ರಲ್ಲಿ ರಜೆ ಪಡೆದು ಲಂಡನ್ನಿಗೆ ಹೋಗಿ ಕಾರ್ಲ್ ಪಿಯರ್‌ಸನ್ ಅವರ ಬಳಿ ಕೆಲಸ ಮಾಡಿದರು. ಅಲ್ಲಿ ಅವರು ಕೈಗೊಂಡ ಪ್ರಯೋಗದ ತಾಳ್ಮೆ ಬೆರಗು ಹುಟ್ಟಿಸುತ್ತದೆ. ಮೂರು ಸಾವಿರ ಸೆರೆಯಾಳುಗಳ ಎತ್ತರವನ್ನೂ ಎಡಗೈ ನಡುಬೆರಳಿನ ಉದ್ದವನ್ನೂ ಕುರಿತ ಅಳತೆಗಳು ಆಗಲೇ ಪ್ರಕಟವಾಗಿದ್ದವು. ಅವನ್ನು ಮೂರು ಸಾವಿರ ರಟ್ಟಿನ ಚೀಟಿಗಳ ಮೇಲೆ ಬರೆದು, ಚೆನ್ನಾಗಿ ಕಲೆಸಿ, ನಾಲ್ಕು ನಾಲ್ಕಾಗಿ ವಿಂಗಡಿಸಿ 750 ಸಣ್ಣ ನಮೂನೆಗಳನ್ನು ಮಾಡಿದರು. ಒಂದೊಂದರ ಸರಾಸರಿಯನ್ನೂ ಏರುಪೇರನ್ನೂ ಕೈಯಿಂದಲೇ ಲೆಕ್ಕ ಹಾಕಿ, ತಮ್ಮ ಸೂತ್ರ ಹೇಳಿದ ಫಲಕ್ಕೂ ಚೀಟಿಗಳು ಕೊಟ್ಟ ಫಲಕ್ಕೂ ಹೊಂದಿಕೆಯಾಗುತ್ತದೆಯೇ ಎಂದು ನೋಡಿದರು. ಗಣಕಯಂತ್ರವಿಲ್ಲದ ಕಾಲ ಅದು.

1908ರಲ್ಲಿ ಬಯೊಮೆಟ್ರಿಕಾ ಪತ್ರಿಕೆಯಲ್ಲಿ ಸರಾಸರಿಯ ಸಂಭಾವ್ಯ ದೋಷವನ್ನು ಕುರಿತ ಅವರ ಲೇಖನ ಬಂದಿತು. ನೌಕರರು ಸ್ವಂತ ಹೆಸರಿನಲ್ಲಿ ಬರೆಯಲು ಕಾರ್ಖಾನೆಯವರ ಅನುಮತಿ ಇರಲಿಲ್ಲವಾದ್ದರಿಂದ ಲೇಖಕನ ಹೆಸರು ‘ಸ್ಟೂಡೆಂಟ್’, ಅಂದರೆ ವಿದ್ಯಾರ್ಥಿ, ಎಂದಷ್ಟೇ ಇತ್ತು. 1937ರಲ್ಲಿ ಅವರು ತೀರಿಕೊಳ್ಳುವವರೆಗೂ ಬರೆದದ್ದು ಬಹುಪಾಲು ಆ ಹೆಸರಿನಲ್ಲಿಯೇ. ಅವರ ಸೂತ್ರಕ್ಕೆ ದೃಢವಾದ ಸಾಧನೆಯನ್ನು ರೊನಾಲ್ಡ್ ಫಿಶರ್ 1915ರಲ್ಲಿ ಪ್ರಕಟಿಸಿದರು, 1925ರ ತಮ್ಮ ಪುಸ್ತಕದ ಮೂಲಕ ಅದನ್ನು ಲೋಕದ ಬಳಕೆಗೆ ತಂದರು. ಇಂದು ವಾಣಿಜ್ಯ ತರಗತಿಗಳ ವಿದ್ಯಾರ್ಥಿಗಳು ಟಿ-ಪರೀಕ್ಷೆ ಎಂದು ಕಲಿಯುವುದು ಇದನ್ನೇ.

ಅದರ ನಡೆ ತಿಳಿಯಲು ಬಸದಿಯ ಆಡಳಿತ ಮಂಡಳಿಯೊಂದನ್ನು ಊಹಿಸಿಕೊಳ್ಳಬಹುದು. ಮಹೋತ್ಸವದ ಅನ್ನದಾನಕ್ಕೆಂದು ತರಿಸಿದ ಇನ್ನೂರು ಮೂಟೆ ಅಕ್ಕಿ ಬಂದಿದೆ. ಮೂಟೆಯೊಂದಕ್ಕೆ 50 ಕಿಲೋ ಎಂಬುದು ವರ್ತಕನ ಮಾತು. ಎಲ್ಲವನ್ನೂ ತೂಗಲು ವೇಳೆಯಿಲ್ಲ. ಒಟ್ಟಿಲಿನ ಬೇರೆಬೇರೆ ಕಡೆಯಿಂದ, ಯಾರ ಇಷ್ಟಾನಿಷ್ಟವೂ ಸೇರದಂತೆ, ಚೀಟಿಯೆತ್ತಿ ಒಂಬತ್ತು ಮೂಟೆಗಳನ್ನು ತೆಗೆದು ತೂಗಿದರು. ಸರಾಸರಿ 49.8 ಕಿಲೋ ಬಂದಿತು. ಮೂಟೆಮೂಟೆಗೂ ಇರುವ ಏರುಪೇರು, ಅಂದರೆ ಮಾನಕ ವಿಚಲನೆ, 0.3 ಕಿಲೋ. ಒಂಬತ್ತರ ವರ್ಗಮೂಲ ಮೂರು. 0.3ನ್ನು ಮೂರರಿಂದ ಭಾಗಿಸಿದರೆ 0.1. ಇದು ಒಂಬತ್ತು ಮೂಟೆಗಳ ಸರಾಸರಿಯಲ್ಲಿ ಆಕಸ್ಮಿಕವಾಗಿ ನಿರೀಕ್ಷಿಸಬಹುದಾದ ಏರುಪೇರು. ಕಂಡುಬಂದ ಕೊರತೆ 0.2, ಅದರ ಎರಡರಷ್ಟು.

ಈಗ ಕೇಳಬೇಕಾದ ಪ್ರಶ್ನೆ ಹೀಗೆ: ವರ್ತಕನ ಮಾತು ನಿಜವೇ ಎಂದಿಟ್ಟುಕೊಂಡರೆ, ಇಷ್ಟು ಅಥವಾ ಇದಕ್ಕಿಂತ ಹೆಚ್ಚು ಕೊರತೆ ಕೇವಲ ಆಕಸ್ಮಿಕದಿಂದ ಎಷ್ಟು ಸಲ ಬಂದೀತು? ಗಾಸೆಟ್ಟರ ಕೋಷ್ಟಕದ ಪ್ರಕಾರ ನೂರಕ್ಕೆ ನಾಲ್ಕು ಸಲ. ನೂರಕ್ಕೆ ಐದನ್ನು ಗಡಿಯಾಗಿ ಇಟ್ಟುಕೊಂಡವರು ವರ್ತಕನ ಮಾತನ್ನು ತಳ್ಳಿಹಾಕುತ್ತಾರೆ. ನೂರಕ್ಕೆ ಒಂದನ್ನು ಗಡಿಯಾಗಿ ಇಟ್ಟುಕೊಂಡವರು ತಳ್ಳಿಹಾಕಲಾರರು. ಲೆಕ್ಕ ಒಂದೇ, ತೀರ್ಪು ಎರಡು! ಆದ್ದರಿಂದಲೇ ಗಡಿಯನ್ನು ಮೂಟೆ ತೂಗುವ ಮೊದಲೇ ಗೊತ್ತುಮಾಡಬೇಕೆಂಬ ಕಟ್ಟುನಿಟ್ಟು. ತೂಗಿದ ಮೇಲೆ, ಬೇಕಾದವನಿಗೆ ಒಂದು ಗಡಿ ಬೇಡವಾದವನಿಗೆ ಒಂದು ಗಡಿ ಹಾಕುವುದು ಎರಡು ತೂಕದ ಕಲ್ಲುಗಳನ್ನು ಇಟ್ಟುಕೊಂಡಂತೆಯೇ ಸರಿ.

ಇನ್ನೊಂದು ಎಚ್ಚರಿಕೆಯೂ ಬೇಕು. ನೂರಕ್ಕೆ ನಾಲ್ಕು ಎಂಬುದು ವರ್ತಕ ಪ್ರಾಮಾಣಿಕನಾಗಿರುವ ಸಂಭವವಲ್ಲ. ಓದಿದವರೂ ಇಲ್ಲಿ ಎಡವುತ್ತಾರೆ. ಅವನು ಪ್ರಾಮಾಣಿಕನೆಂದು ಇಟ್ಟುಕೊಂಡಾಗ ಇಂಥ ತೂಕ ಬರುವ ಸಂಭವ ಅದು. ಹಾಗೆಯೇ ಕೊರತೆ ಗಡಿಯೊಳಗೆ ಇದ್ದರೆ ಅವನ ಮಾತು ಸಾಬೀತಾಯಿತೆಂದೂ ಅಲ್ಲ, ಅದನ್ನು ಅಲ್ಲಗಳೆಯಲು ಒಂಬತ್ತು ಮೂಟೆಗಳು ಸಾಲವು ಎಂದಷ್ಟೇ. ಪರೀಕ್ಷೆಯಲ್ಲಿ ಮಾತು ಬಿದ್ದುಹೋದರೂ ಸರಾಸರಿ ಕಡಿಮೆಯಿದೆ ಎಂದು ಹೇಳಬಹುದೇ ಹೊರತು, ಕಡಿಮೆ ಮಾಡಿದವನು ವರ್ತಕನೋ, ಲಾರಿಯವನೋ, ದಾರಿಯಲ್ಲಿ ಒಣಗಿದ ತೇವವೋ, ಬಸದಿಯ ತಕ್ಕಡಿಯೋ ಎಂಬುದನ್ನು ಯಾವ ಕೋಷ್ಟಕವೂ ಹೇಳುವುದಿಲ್ಲ. ನ್ಯೂಟನ್ನರ ಒರೆಗಲ್ಲಿನ ವಾದ ಇಲ್ಲಿ ನೆನಪಿಗೆ ಬರುತ್ತದೆ.

1933ರಲ್ಲಿ ಪೋಲೆಂಡಿನ ಯೆರ್ಜಿ ನೇಮನ್ ಮತ್ತು ಕಾರ್ಲ್ ಪಿಯರ್‌ಸನ್ನರ ಮಗ ಎಗಾನ್ ಪಿಯರ್‌ಸನ್ ಈ ತೀರ್ಪಿನಲ್ಲಿ ಅಡಗಿರುವ ಎರಡು ಬಗೆಯ ತಪ್ಪುಗಳನ್ನು ಬೇರ್ಪಡಿಸಿ ತೋರಿಸಿದರು. ನಿರಪರಾಧಿಯನ್ನು ಅಪರಾಧಿಯೆನ್ನುವುದು ಒಂದು, ಅಪರಾಧಿಯನ್ನು ಬಿಟ್ಟುಬಿಡುವುದು ಇನ್ನೊಂದು. ನಮೂನೆಯ ಗಾತ್ರ ಹೆಚ್ಚದೆ ಒಂದನ್ನು ತಗ್ಗಿಸಿದರೆ ಇನ್ನೊಂದು ಏರುತ್ತದೆ. ಎರಡರಲ್ಲಿ ಯಾವುದು ಹೆಚ್ಚು ಘೋರ ಎಂಬುದನ್ನು ಗಣಿತ ನಿರ್ಧರಿಸುವುದಿಲ್ಲ, ಪರೀಕ್ಷಿಸುವವನೇ ನಿರ್ಧರಿಸಬೇಕು ಎಂಬುದನ್ನೂ ಅವರು ಒಪ್ಪಿಕೊಂಡರು. ಒಬ್ಬ ಸಜ್ಜನನ ಹೆಸರು ಕೆಡಿಸುವುದರಲ್ಲಿ ಇರುವ ಹಿಂಸೆಯನ್ನು ಬಲ್ಲವರಿಗೆ, ಗಡಿಯನ್ನು ನೂರಕ್ಕೆ ಒಂದರಷ್ಟು ಬಿಗಿಯಾಗಿ ಇಟ್ಟು ಇನ್ನಷ್ಟು ಮೂಟೆ ತೂಗುವುದೇ ಮೇಲೆಂದು ತೋರೀತು. ಒಂಬತ್ತರ ಬದಲು ಮೂವತ್ತಾರು ತೂಗಿದರೆ ಆಕಸ್ಮಿಕದ ಏರುಪೇರು ಅರ್ಧಕ್ಕೆ ಇಳಿಯುತ್ತದೆ. ಹಮಾಲರ ಕೂಲಿ ನಾಲ್ಕರಷ್ಟಾಗುತ್ತದೆ, ಅದೂ ನಿಜ.

ಒಂದೇ ವಸ್ತುವನ್ನು ಕುರಿತು ಖಚಿತವಾದ ಹೌದು ಅಲ್ಲಗಳ ನಡುವೆ ನಿಂತು, ಯಾವ ನಿಬಂಧನೆಗೆ ಒಳಪಟ್ಟು ಯಾವ ಮಾತು ಎಂದು ಕೇಳುವ ಈ ಕ್ರಮ ಜೈನ ದರ್ಶನದ ಅಭ್ಯಾಸಿಗಳಿಗೆ ಅಪರಿಚಿತವಲ್ಲ. 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದ ಪ್ರಶಾಂತಚಂದ್ರ ಮಹಾಲನೋಬಿಸ್ ಅವರು 1954ರಲ್ಲಿ ಸಂಖ್ಯಾಶಾಸ್ತ್ರದ ತಳಹದಿಯನ್ನು ಕುರಿತು ಬರೆದ ಪ್ರಬಂಧದಲ್ಲಿ ಸ್ಯಾದ್ವಾದದ ಸಪ್ತಭಂಗಿಗೂ ಸಂಭಾವ್ಯತೆಯ ಚಿಂತನೆಗೂ ಇರುವ ಸಾಮ್ಯವನ್ನು ಎತ್ತಿ ತೋರಿಸಿದರು. ಬ್ರಿಟನ್ ಬಿಟ್ಟು ಬಂದು ಅದೇ ಸಂಸ್ಥೆಗೆ ಸೇರಿದ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1957ರಲ್ಲಿ ಸಂಸ್ಥೆಯ ಪತ್ರಿಕೆಯಾದ ‘ಸಾಂಖ್ಯ’ದಲ್ಲಿ ಸ್ಯಾದ್ವಾದವನ್ನು ಕುರಿತು ಪ್ರತ್ಯೇಕ ಲೇಖನವನ್ನೇ ಬರೆದರು. ಇದರಿಂದ ಹಿಗ್ಗಿ, ಟಿ-ಪರೀಕ್ಷೆ ಆಗಮಗಳಲ್ಲಿಯೇ ಇದೆಯೆಂದು ಸಾರುವವರೂ ಇಲ್ಲದಿಲ್ಲ. ಅದು ಸರಿಯಲ್ಲ. ಆಚಾರ್ಯರು ಹೇಳಿದ್ದು ಮಾತಿನ ನಿಬಂಧನೆಯನ್ನು, ನೂರಕ್ಕೆ ಇಷ್ಟು ಎಂಬ ಅಂಕಿಯನ್ನಲ್ಲ. ಇಲ್ಲದ ಹಿರಿಮೆಯನ್ನು ಹಿರಿಯರಿಗೆ ಹೊರಿಸುವುದು ಸತ್ಯಾಣುವ್ರತಕ್ಕೂ ಒಪ್ಪುವುದಿಲ್ಲ.

ಈ ಚರಿತ್ರೆ ಇಂದು ಪ್ರತಿ ಅಂಗಡಿಯ ಕಪಾಟಿನಲ್ಲಿಯೂ ಮುಂದುವರಿದಿದೆ. ತಕ್ಕಡಿ ಹಿಡಿದ ವರ್ತಕ ಗಿರಾಕಿಯ ಕಣ್ಣೆದುರು ಒಂದು ಹಿಡಿ ಕೊಸರು ಹಾಕುತ್ತಿದ್ದ ಕಾಲ ಹಿಂದೆ ಸರಿದು, ಯಂತ್ರ ತುಂಬಿದ ಪೊಟ್ಟಣಗಳ ಕಾಲ ಬಂದಿದೆ. ಭಾರತದಲ್ಲಿ 2009ರ ಕಾನೂನು ಮಾಪನ ಅಧಿನಿಯಮ ಮತ್ತು ಅದರ ಮೇರೆಗೆ ಬಂದ 2011ರ ಪೊಟ್ಟಣ ಸರಕುಗಳ ನಿಯಮಗಳು ನಮೂನೆ ತೆಗೆದು ಪರೀಕ್ಷಿಸಲು ಹೇಳುತ್ತವೆ. ಅಲ್ಲಿ ಬಿಡಿ ಪೊಟ್ಟಣದ ಕೊರತೆಗೆ ಒಂದು ಮಿತಿಯಿದೆ, ಅದರ ಜೊತೆಗೆ ನಮೂನೆಯ ಸರಾಸರಿಯನ್ನೂ ನೋಡಲಾಗುತ್ತದೆ. ಕಾನೂನು ಮಾಪನದ ಅಂತರರಾಷ್ಟ್ರೀಯ ಸಂಸ್ಥೆಯ 87ನೆಯ ಶಿಫಾರಸಂತೂ ಗಾಸೆಟ್ಟರ ಕೋಷ್ಟಕದ ಮೇಲೆಯೇ ನಿಂತಿದೆ. 501ರಿಂದ 3200ರವರೆಗಿನ ಪೊಟ್ಟಣಗಳ ರಾಶಿಯಿಂದ 80ನ್ನು ತೆಗೆಯಬೇಕು. ಅವುಗಳ ಮಾನಕ ವಿಚಲನೆಯನ್ನು 0.295ರಿಂದ ಗುಣಿಸಿ, ಬಂದಷ್ಟನ್ನು ಸಂಶಯದ ಲಾಭವಾಗಿ ತುಂಬಿದವನಿಗೆ ಬಿಟ್ಟುಕೊಟ್ಟು, ಅದಕ್ಕಿಂತಲೂ ಸರಾಸರಿ ಕೊರತೆ ಹೆಚ್ಚಿದ್ದರೆ ಮಾತ್ರ ರಾಶಿಯನ್ನು ತಿರಸ್ಕರಿಸಬೇಕು. ಪ್ರಾಮಾಣಿಕನಾದವನ ಸರಕು ಆಕಸ್ಮಿಕದಿಂದ ತಿರಸ್ಕೃತವಾಗುವ ಸಂಭವ ಸಾವಿರಕ್ಕೆ ಐದನ್ನು ಮೀರಬಾರದೆಂಬುದು ಅದರ ಉದ್ದೇಶ.

ಕಿಲೋ ಸಕ್ಕರೆಯ ಪೊಟ್ಟಣ ತುಂಬುವ ಯಂತ್ರದ ಏರುಪೇರು 5 ಗ್ರಾಂ ಇದ್ದರೆ ಈ ರಿಯಾಯಿತಿ ಸುಮಾರು ಒಂದೂವರೆ ಗ್ರಾಂ. ಯಂತ್ರದ ತಿರುಪನ್ನು ಬೇಕೆಂದೇ ಅರ್ಧ ಗ್ರಾಂ ಕಡಿಮೆಗೆ ತಿರುಗಿಸಿಟ್ಟವನ ಸರಕು ಸರಾಸರಿಯ ಈ ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತಾರು ಸಲ ತೇರ್ಗಡೆಯಾಗುತ್ತದೆ. ಹಳೆಯ ಟಂಕಸಾಲೆಯ ಹೆಬ್ಬಾಗಿಲಿಗೆ ಹೋಲಿಸಿದರೆ ಇದು ಇರುವೆ ನುಸುಳುವಷ್ಟು ಬಿರುಕು. ಆದರೂ ಒಂದು ಲಕ್ಷ ಪೊಟ್ಟಣಗಳಿಗೆ ಅದು ಐವತ್ತು ಕಿಲೋ ಸಕ್ಕರೆ, ಅಂದರೆ ಪೂರ್ತಿ ಒಂದು ಮೂಟೆ. 80ರ ಬದಲು 125 ಪೊಟ್ಟಣಗಳನ್ನು ತೂಗಿದರೆ ಗುಣಕ 0.295ರಿಂದ 0.234ಕ್ಕೆ ಇಳಿಯುತ್ತದೆ. ಸಾವಿರ ತೂಗಿದರೆ ಇನ್ನೂ ಇಳಿಯುತ್ತದೆ. ಒಂದು ಪೊಟ್ಟಣವನ್ನೂ ಬಿಡದೆ ತೂಗುವವರೆಗೆ ಅದು ಸೊನ್ನೆಯಾಗುವುದಿಲ್ಲ. ತಿರುಪು ಎಲ್ಲಿದೆಯೆಂಬುದನ್ನು ಯಾವ ನಮೂನೆಯೂ ಇಲ್ಲದೆ ಬಲ್ಲವನು ಕಾರ್ಖಾನೆಯಲ್ಲಿ ಒಬ್ಬನಿರುತ್ತಾನೆ.